ಆಟ ಅವರದು, ಪಾಳಿ ನಮ್ಮದು

ಐಸ್ ಹಾಕಿಯಲ್ಲಿ ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರು ಜನ. ಎರಡು ಕಡೆಯವರೂ ಕೂಡಿದರೆ ಹನ್ನೆರಡು. ಈ ಹನ್ನೆರಡು ಮಕ್ಕಳು ಮಂಜುಗಡ್ಡೆಯ ಮೇಲೆ ಒಂದು ಗಂಟೆ ಓಡಾಡಬೇಕಾದರೆ ಅಂಚಿನಲ್ಲಿ ಎಷ್ಟು ಜನ ದೊಡ್ಡವರು ನಿಂತಿರಬೇಕು ಅನ್ನುವುದನ್ನು ಮಾತ್ರ ಮಗುವನ್ನು ಸೇರಿಸುವಾಗ ಯಾರೂ ಬಾಯಿ ಬಿಡುವುದಿಲ್ಲ. ಮೊದಲೇ ಹೇಳಿದ್ದರೆ ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳನ್ನು ಚೆಸ್ ಕ್ಲಾಸಿಗೆ ಹಾಕುತ್ತಿದ್ದರು.

ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರಿನಲ್ಲಿ. ಈ ರಾಜ್ಯ ತನ್ನನ್ನು ಹಾಕಿಯ ರಾಜ್ಯ ಎಂದು ಕರೆದುಕೊಳ್ಳುತ್ತದೆ. ಬರೀ ಜಂಬ ಅನ್ನುವ ಹಾಗಿಲ್ಲ. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಲೇಕ್ ಪ್ಲಾಸಿಡ್‌ನಲ್ಲಿ, ಸೋವಿಯತ್ ತಂಡವನ್ನು ಕೆಡವಿ, ಆಮೇಲೆ ಫಿನ್ಲೆಂಡನ್ನೂ ಸೋಲಿಸಿ ಚಿನ್ನ ಗೆದ್ದ ಅಮೆರಿಕದ ತಂಡದಲ್ಲಿದ್ದ 20 ಆಟಗಾರರಲ್ಲಿ 12 ಮಂದಿ ಈ ಒಂದೇ ರಾಜ್ಯದ ಹುಡುಗರು. ಕೋಚ್ ಹರ್ಬ್ ಬ್ರೂಕ್ಸ್ ಪಕ್ಕದ ಸೇಂಟ್ ಪಾಲ್‌ನವರು. ಆ ಗೆಲುವಿನ ಮೇಲೆ ಸಿನಿಮಾ ಬಂತು, ಪುಸ್ತಕಗಳು ಬಂದವು. ಆ ಹುಡುಗರು ಹತ್ತು ವರ್ಷದವರಾಗಿದ್ದಾಗ ಅವರ ಜರ್ಸಿ ಒಗೆದವರು ಯಾರು, ಸ್ಕೋರ್ ಬರೆದವರು ಯಾರು, ಪಂದ್ಯಕ್ಕೆ ತಡವಾಯಿತೆಂದು ಕಾರಿನಲ್ಲೇ ಸ್ಕೇಟಿನ ಲೇಸು ಬಿಗಿದವರು ಯಾರು ಎಂದು ಯಾವ ಸಿನಿಮಾದವರೂ ಕೇಳಲಿಲ್ಲ. ಈಗ ನಾನು ಆ ಕಡೆಯವನಾದ್ದರಿಂದ ನನಗೆ ಆ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ.

ಇಲ್ಲಿ ಮಕ್ಕಳ ಹಾಕಿ ಊರಿನ ಅಸೋಸಿಯೇಶನ್ನಿನ ಕೈಯಲ್ಲಿದೆ. ಅದಕ್ಕೆ ಮಾಲೀಕರಿಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಯಾವ ತಂಡಕ್ಕೆ ಎಷ್ಟು ಹೊತ್ತಿಗೆ ರಿಂಕು ಎಂದು ಹಂಚಿ ಎಲ್ಲರಿಂದ ಬೈಸಿಕೊಳ್ಳುವವರು, ಹೆಚ್ಚಿನವರೆಲ್ಲ ಯಾವುದೋ ಮಗುವಿನ ಅಪ್ಪ ಇಲ್ಲವೇ ಅಮ್ಮ. ಹಗಲು ಬೇರೆ ಕಡೆ ದುಡಿದು ಸಂಜೆ ಇಲ್ಲಿ ಬಿಟ್ಟಿ ದುಡಿಯುವವರು. ಮಗಳ ಹೆಸರು ಬರೆಸಿದ ದಿನ ನಮ್ಮಿಂದ ಎರಡು ಚೆಕ್ ತೆಗೆದುಕೊಂಡರು. ಒಂದು ಫೀಸಿಗೆ. ಇನ್ನೊಂದು ಠೇವಣಿಗೆ. ವರ್ಷಕ್ಕೆ ಇಷ್ಟು ಗಂಟೆ ಎಂದು ಗೊತ್ತುಮಾಡಿದ ಸೇವೆ ಮುಗಿಸಿದರೆ ಎರಡನೆಯ ಚೆಕ್ ಹರಿದು ಹಾಕುತ್ತಾರೆ. ಮುಗಿಸದಿದ್ದರೆ ಬ್ಯಾಂಕಿಗೆ ಹಾಕುತ್ತಾರೆ. ಮನಃಪೂರ್ವಕವಾಗಿ ಮಾಡುವ ಸೇವೆಗೆ ಜಾಮೀನು ಯಾಕೆ ಎಂದು ನನ್ನ ಹೆಂಡತಿ ಕೇಳಿದಳು. ಮೇಜಿನ ಆಚೆಗಿದ್ದ ಹೆಂಗಸು ನಕ್ಕು, ಮನಸ್ಸು ಮೊದಲ ತಿಂಗಳು ಇರುತ್ತದೆ, ಜನವರಿಯಲ್ಲಿ ಮೈನಸ್ ಇಪ್ಪತ್ತಾದಾಗ ಚೆಕ್ಕೇ ಇರಬೇಕು ಅಂದರು. ಅನುಭವಸ್ಥರ ಮಾತು.

ಈ ಗಂಟೆಗಳ ಲೆಕ್ಕ ಇಡುವುದಕ್ಕೆ ಡಿಬ್ಸ್ ಎಂಬ ಒಂದು ವ್ಯವಸ್ಥೆ ಈ ರಾಜ್ಯದ ಎಷ್ಟೋ ಅಸೋಸಿಯೇಶನ್ನುಗಳಲ್ಲಿದೆ. ಪಾಳಿಗಳನ್ನೆಲ್ಲ ಆನ್‌ಲೈನಿನಲ್ಲಿ ಹಾಕುತ್ತಾರೆ, ಬೇಕಾದ್ದನ್ನು ಹಿಡಿದುಕೊಳ್ಳಬೇಕು. ಟೂರ್ನಮೆಂಟಿನಲ್ಲಿ ಬಾಗಿಲ ಬಳಿ ಕೂತು ಟಿಕೆಟ್ ಹರಿಯುವ ಪಾಳಿ ಕಣ್ಣು ಮಿಟುಕಿಸುವುದರೊಳಗೆ ಮಾಯ, ಯಾಕೆಂದರೆ ಅಲ್ಲಿ ಹೀಟರ್ ಇದೆ. ಭಾನುವಾರ ಬೆಳಿಗ್ಗೆ ಆರಕ್ಕೆ ತಿಂಡಿ ಅಂಗಡಿ ತೆರೆಯುವ ಪಾಳಿ ವಾರಗಟ್ಟಲೆ ಅನಾಥವಾಗಿ ಬಿದ್ದಿರುತ್ತದೆ. ಮನುಷ್ಯ ಸ್ವಭಾವ ತಿಳಿಯಬೇಕೆನ್ನುವವರು ಆ ಪುಟವನ್ನು ಒಂದು ವಾರ ಗಮನಿಸಿದರೆ ಸಾಕು.

ತಂಡದೊಳಗಿನ ಕೆಲಸಗಳ ಲೆಕ್ಕವೇ ಬೇರೆ. ಅವುಗಳನ್ನು ಸೀಸನ್ನಿನ ಮೊದಲ ಮೀಟಿಂಗಿನಲ್ಲಿ ಹಂಚುತ್ತಾರೆ. ಕೋಚ್ ಎರಡು ಮಾತಾಡಿ ಕೂರುತ್ತಾರೆ. ಆಮೇಲೆ ಎದ್ದು ನಿಲ್ಲುವವರು ಮ್ಯಾನೇಜರ್. ನಮ್ಮ ತಂಡಕ್ಕೆ ಮ್ಯಾನೇಜರಮ್ಮ. ಹೊರಗಿನವರು ತಂಡ ನಡೆಸುವವರು ಕೋಚ್ ಅಂದುಕೊಂಡಿರುತ್ತಾರೆ; ಒಳಗಿನವರಿಗೆ ಆ ಭ್ರಮೆ ಇರುವುದಿಲ್ಲ. ಮ್ಯಾನೇಜರಮ್ಮನ ಬಳಿ ಒಂದು ದಪ್ಪ ಫೈಲು. ಅದರಲ್ಲಿ ಅಸೋಸಿಯೇಶನ್ನು ದೃಢೀಕರಿಸಿದ ಆಟಗಾರರ ಪಟ್ಟಿ, ಮಕ್ಕಳ ವಯಸ್ಸಿನ ದಾಖಲೆ, ಪೆಟ್ಟಾದರೆ ಚಿಕಿತ್ಸೆ ಕೊಡಿಸಲು ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಬೇರೆ ಊರಿನ ಟೂರ್ನಮೆಂಟಿಗೆ ಹೋದಾಗ ಆ ಫೈಲು ಇಲ್ಲದಿದ್ದರೆ ತಂಡವೇ ಇಲ್ಲದ ಹಾಗೆ. ಗೋಲ್‌ಕೀಪರ್ ಕೈಬಿಟ್ಟರೂ ಬಿಟ್ಟಾರು, ಅವರು ಆ ಫೈಲು ಬಿಡುವವರಲ್ಲ. ಸ್ನೇಹಪೂರ್ವಕ ನೆನಪೋಲೆ ಎಂದು ಅವರು ಮೊದಲ ಸಲ ಕಳಿಸುವ ಇಮೇಲಿನಲ್ಲಿ ಸ್ನೇಹ ಇರುತ್ತದೆ. ಮೂರನೆಯ ಸಲ ಕಳಿಸಿದಾಗ ಆ ಮಾತು ಶೀರ್ಷಿಕೆಯಲ್ಲಿ ಮಾತ್ರ ಉಳಿದಿರುತ್ತದೆ.

ಖಜಾಂಚಿಯವರು ಹಗಲು ಯಾವುದೋ ದೊಡ್ಡ ಕಂಪನಿಯ ಲೆಕ್ಕ ನೋಡುವವರು. ಅಲ್ಲಿ ಲಕ್ಷಾಂತರ ಡಾಲರು ಅವರ ಕಣ್ಣೆದುರು ತಣ್ಣಗೆ ಹಾದುಹೋಗುತ್ತದಂತೆ. ಇಲ್ಲಿ ಕೋಚಿನ ಉಡುಗೊರೆಗೆ ತಲೆಗೆ ಹತ್ತು ಡಾಲರ್ ಹಾಕಿದಾಗ ಕೊಡದೆ ಉಳಿದ ಇಬ್ಬರನ್ನು ಹುಡುಕಿಕೊಂಡು ಪಾರ್ಕಿಂಗ್ ಲಾಟಿನಲ್ಲಿ ಕಾರಿಂದ ಕಾರಿಗೆ ಅಲೆಯುತ್ತಾರೆ. ಜರ್ಸಿ ನೋಡಿಕೊಳ್ಳುವವರು ಇನ್ನೊಬ್ಬರು. ಬಿಳಿಯದೊಂದು ಸೆಟ್, ಗಾಢ ಬಣ್ಣದ್ದೊಂದು ಸೆಟ್. ಪಂದ್ಯದ ದಿನ ಯಾವುದು ಎಂದು ತಿಳಿದು, ತಣ್ಣೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ನಂಬರಿನ ಪ್ರಕಾರ ಹ್ಯಾಂಗರಿಗೆ ಹಾಕಿ ತರಬೇಕು. ಹಾಕಿ ಆಡಿದ ಮಗುವಿನ ಬಟ್ಟೆಯ ವಾಸನೆಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಓದುವವರಲ್ಲಿ ಊಟಕ್ಕೆ ಕೂತವರೂ ಇರಬಹುದು. ಆ ಚೀಲವನ್ನು ಕಾರಿನ ಡಿಕ್ಕಿಯಲ್ಲಿಟ್ಟು ಕಿಟಕಿ ತೆರೆದು, ಮೈನಸ್ ಹದಿನೈದರಲ್ಲಿ ಹೈವೇ ಮೇಲೆ ಹೋಗುವವರನ್ನು ನೋಡಿದರೆ ಯಾವ ಮನೆಯವರೆಂದು ನಮಗೆ ಗೊತ್ತಾಗುತ್ತದೆ.

ಲಾಕರ್ ರೂಮ್ ಕಾಯುವ ಕೆಲಸ ನನ್ನ ಹೆಂಡತಿಗೆ ಬಂತು. ಹುಡುಗಿಯರ ತಂಡವಾದ್ದರಿಂದ ಅಮ್ಮಂದಿರೇ ಆಗಬೇಕು. ಬಾಗಿಲ ಬಳಿ ಕೂತಿರುವುದು, ಒಳಗೆ ಫೋನ್ ತೆಗೆಯಲು ಬಿಡದಿರುವುದು, ಹೊರಗಿನವರನ್ನು ಸೇರಿಸದಿರುವುದು, ಇಷ್ಟೇ ಕೆಲಸ. ಇದಕ್ಕೂ ಮುಂಚೆ ಹಿನ್ನೆಲೆ ತಪಾಸಣೆ ಆಗಬೇಕು, ಸೇಫ್‌ಸ್ಪೋರ್ಟ್ ಎಂಬ ಆನ್‌ಲೈನ್ ತರಬೇತಿ ಮುಗಿಸಬೇಕು. ಮೊದಮೊದಲು ಅವಳಿಗೆ ಇದು ಅತಿಯಾಯಿತು ಅನ್ನಿಸಿತ್ತು. ತರಬೇತಿಯ ವಿಡಿಯೋ ನೋಡಿ ಎದ್ದ ಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಈ ನಿಯಮಗಳು ಯಾರದೋ ಶಿಸ್ತಿನ ಹುಚ್ಚಿನಿಂದ ಬಂದವಲ್ಲ. ಎನ್‌ಎಚ್‌ಎಲ್ ಎಂಬ ವೃತ್ತಿಪರ ಹಾಕಿ ಲೀಗಿನ ಆಟಗಾರ ಶೆಲ್ಡನ್ ಕೆನಡಿ, ತಾನು ಹುಡುಗನಾಗಿದ್ದಾಗ ಕೋಚ್ ತನ್ನ ಮೇಲೆ ವರ್ಷಗಟ್ಟಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಹೊರಗಿಟ್ಟು, 1997ರಲ್ಲಿ ಆ ಕೋಚ್ ಜೈಲಿಗೆ ಹೋದಾಗ, ಕೆನಡಾದ ಹಾಕಿ ಲೋಕಕ್ಕೆ ತನ್ನ ಲಾಕರ್ ರೂಮುಗಳ ಬಾಗಿಲು ಎಷ್ಟು ಸಡಿಲವಾಗಿತ್ತು ಎಂದು ಗೊತ್ತಾಯಿತು. ಅಮೆರಿಕದಲ್ಲಿ ಬೇರೆ ಆಟಗಳಲ್ಲೂ ಇಂಥದೇ ಕತೆಗಳು ಹೊರಬಂದವು. 2017ರಲ್ಲಿ ಡೆನ್ವರ್‌ನಲ್ಲಿ ಸೇಫ್‌ಸ್ಪೋರ್ಟ್ ಕೇಂದ್ರ ಕೆಲಸ ಶುರುಮಾಡಿತು. ಹಾಗಾಗಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಾ ಕೂತ ಅಮ್ಮ ಸುಮ್ಮನೆ ಕೂತಿದ್ದಾಳೆ ಎಂದು ಯಾರೂ ತಿಳಿಯಬಾರದು. ತಂಡದ ಕೆಲಸಗಳಲ್ಲೆಲ್ಲ, ಏನೂ ಆಗದಿದ್ದರೆ ಚೆನ್ನಾಗಿ ಮಾಡಿದ ಹಾಗೆ ಎಂದು ಹೇಳಬಹುದಾದ ಕೆಲಸ ಅದೊಂದೇ.

ನನಗೆ ಸ್ಕೇಟಿಂಗ್ ಬರುವುದಿಲ್ಲ. ತೀರ್ಥಹಳ್ಳಿಯ ಮಳೆಗಾಲದ ಪಾಚಿಯ ಮೇಲೆ ಜಾರಿದ್ದನ್ನು ಇಲ್ಲಿ ಅನುಭವ ಎಂದು ಹೇಳಿಕೊಳ್ಳುವಂತಿಲ್ಲ. ಇಲ್ಲಿನ ಅಪ್ಪಂದಿರು ಮೂರು ವರ್ಷಕ್ಕೇ ಸ್ಕೇಟು ಕಟ್ಟಿದವರು, ಸಹಾಯಕ ಕೋಚುಗಳಾಗಿ ಐಸಿಗೆ ಇಳಿಯುತ್ತಾರೆ. ನನಗೆ ಉಳಿದದ್ದು ಐಸಿನ ಆಚೆ ಬದಿ, ಗಾಜಿನ ಹಿಂದಿನ ಬೆಂಚು. ಅಲ್ಲಿ ಮೂರು ಬಗೆಯ ಕೆಲಸ. ಒಬ್ಬರು ಗಡಿಯಾರ ನಡೆಸುವವರು. ಒಬ್ಬರು ಸ್ಕೋರ್ ಬರೆಯುವವರು. ಇನ್ನುಳಿದವರು ಪೆನಾಲ್ಟಿ ಬಾಕ್ಸಿನ ಬಾಗಿಲು ತೆಗೆದು ಹಾಕುವವರು.

ಸ್ಕೋರ್ ಬರೆಯುವುದು ಕೇಳುವುದಕ್ಕೆ ಸುಲಭ. ಗೋಲು ಹೊಡೆದವರ ನಂಬರು, ಹೊತ್ತು, ಮತ್ತು ಪಕ್ ಎಂಬ ಆಟದ ಬಿಲ್ಲೆಯನ್ನು ದಾಟಿಸಿಕೊಟ್ಟವರ ನಂಬರು. ಒಂದು ಗೋಲಿಗೆ ಹೆಚ್ಚೆಂದರೆ ಎರಡು ಅಸಿಸ್ಟ್ ಕೊಡಬಹುದು. ರೆಫ್ರಿ ಗಾಜಿನ ಬಳಿ ಬಂದು ಮೂರು ನಂಬರು ಹೇಳಿ ಹೋಗುತ್ತಾರೆ, ಬರೆದರೆ ಮುಗಿಯಿತು. ಆದರೆ ಮುಗಿಯುವುದಿಲ್ಲ. ಎರಡನೆಯ ಅಸಿಸ್ಟ್ ತಮ್ಮ ಮಗಳದು ಎಂದು ನಂಬಿದ ಅಪ್ಪ ಪಂದ್ಯ ಮುಗಿದ ಮೇಲೆ ಕಾಫಿ ಹಿಡಿದು ಬರುತ್ತಾರೆ. ಹವಾಮಾನದ ಮಾತಾಡುತ್ತಾರೆ. ನಿಮ್ಮ ಮಗಳು ಚೆನ್ನಾಗಿ ಆಡಿದಳು ಅನ್ನುತ್ತಾರೆ. ಆಮೇಲೆ, ಅಂದ ಹಾಗೆ, ಎಂದು ಶುರುಮಾಡುತ್ತಾರೆ. ಹತ್ತು ವರ್ಷದ ಹುಡುಗಿಯರ ಪಂದ್ಯದ ಎರಡನೆಯ ಅಸಿಸ್ಟ್ ಯಾವ ದಾಖಲೆಗೂ ಸೇರುವುದಿಲ್ಲ ಎಂದು ಅವರಿಗೂ ಗೊತ್ತು. ಆದರೂ ಆ ದಿನ ಅದು ಯಾರದೆಂಬುದು ಆಸ್ತಿ ಪಾಲಿನಷ್ಟು ಗಂಭೀರ.

ನನಗೆ ಇಷ್ಟವಾದದ್ದು ಪೆನಾಲ್ಟಿ ಬಾಕ್ಸು. ಆಟದಲ್ಲಿ ಯಾರಾದರೂ ಎದುರಾಳಿಯನ್ನು ಎಡವಿಸಿ ಬೀಳಿಸಿದರೆ, ಕೋಲಿನಿಂದ ಕೊಕ್ಕೆ ಹಾಕಿ ಎಳೆದರೆ, ರೆಫ್ರಿ ಕೈ ಎತ್ತುತ್ತಾರೆ, ಸೀಟಿ ಊದುತ್ತಾರೆ. ಮೊಣಕಾಲಿನ ಕೆಳಗೆ ಕೈಯಿಂದ ತಟ್ಟಿ ತೋರಿಸಿದರೆ ಟ್ರಿಪ್ಪಿಂಗ್. ಎರಡೂ ಕೈ ಹಗ್ಗ ಜಗ್ಗಿದಂತೆ ಹೊಟ್ಟೆಯ ಕಡೆಗೆ ಎಳೆದುಕೊಂಡರೆ ಹುಕ್ಕಿಂಗ್. ಚಿಕ್ಕ ತಪ್ಪಿಗೆ ರೂಲ್ ಬುಕ್ಕಿನ ಪ್ರಕಾರ ಎರಡು ನಿಮಿಷ. ಪೀರಿಯಡ್ ಚಿಕ್ಕದಾಗಿರುವ ಮಕ್ಕಳ ಪಂದ್ಯದಲ್ಲಿ ಅದೂ ಸ್ವಲ್ಪ ಕಡಿಮೆಯಾಗುವುದುಂಟು. ಅಷ್ಟು ಹೊತ್ತು ಅವಳು ನನ್ನ ಪಕ್ಕ ಕೂರಬೇಕು, ತಂಡ ಒಬ್ಬರು ಕಡಿಮೆಯಾಗಿ ಆಡಬೇಕು. ಹೊತ್ತು ಸೊನ್ನೆಗೆ ಬಂದ ಕ್ಷಣ ನಾನು ಬಾಗಿಲು ತೆಗೆಯಬೇಕು. ಒಂದು ಸೆಕೆಂಡ್ ಮೊದಲಾದರೆ ಎದುರಿನ ಬೆಂಚು ಕೂಗುತ್ತದೆ, ಒಂದು ಸೆಕೆಂಡ್ ತಡವಾದರೆ ನಮ್ಮ ಬೆಂಚು. ಅಷ್ಟರೊಳಗೆ ಎದುರಾಳಿಗಳು ಗೋಲು ಹೊಡೆದುಬಿಟ್ಟರೆ ಒಳಗಿದ್ದವಳಿಗೆ ಆಗಲೇ ಬಿಡುಗಡೆ. ಹಾಗಾಗಿ ನಮ್ಮ ಮೇಲೆ ಗೋಲು ಬಿದ್ದು ಇಡೀ ಸ್ಟ್ಯಾಂಡು ತಲೆಗೆ ಕೈ ಹಚ್ಚಿದಾಗ, ಬಾಕ್ಸಿನೊಳಗೆ ಮಾತ್ರ ಸಣ್ಣದೊಂದು ಸಂತೋಷ ಸುಳಿದಾಡುತ್ತದೆ.

ಆ ಬಾಕ್ಸಿಗೆ ಬಂದವರಲ್ಲಿ ತಪ್ಪು ಮಾಡಿದವರನ್ನು ನಾನಿನ್ನೂ ಕಂಡಿಲ್ಲ. ಎಲ್ಲರೂ ನಿರಪರಾಧಿಗಳು. ನಾನು ಮುಟ್ಟೇ ಇಲ್ಲ, ಅವಳೇ ನನ್ನ ಕೋಲಿನ ಮೇಲೆ ಬಂದಳು, ರೆಫ್ರಿಗೆ ಕಣ್ಣು ಕಾಣಿಸುವುದಿಲ್ಲ. ನಾನು ನೀರಿನ ಬಾಟಲಿ ಕೊಡುತ್ತೇನೆ. ಒಂದು ಸಂಜೆ ಬಾಗಿಲು ತಳ್ಳಿಕೊಂಡು ಬಂದವಳು ನನ್ನ ಮಗಳೇ. ಮುಖ ಕೆಂಪಗಾಗಿತ್ತು. ಹೆಲ್ಮೆಟ್ಟಿನ ಜಾಲರಿಯೊಳಗಿಂದ, ಎಂದೂ ಇಲ್ಲದವಳು ಕನ್ನಡದಲ್ಲೇ ಶುರುಮಾಡಿದಳು.

“ಅಪ್ಪಾ, ಅದು ಟ್ರಿಪ್ಪಿಂಗೇ ಅಲ್ಲ. ಅವ್ಳೇ ಬಿದ್ಲು.”

“ಹೌದಾ? ನಂಗೆ ಕಾಣ್ಲಿಲ್ಲ ಮಗಳೇ. ನೀರು ಕುಡಿ.”

“ನಿಂಗೆ ಕಾಣ್ತು. ಸುಳ್ಳು ಹೇಳ್ತಿದೀಯ.”

“ನಾನಿಲ್ಲಿ ಬಾಗಿಲು ತೆಗೆಯೋನು. ಕಂಡಿದ್ದನ್ನ ಹೇಳೋನಲ್ಲ.”

ಅವಳು ಸ್ವಲ್ಪ ಹೊತ್ತು ಗಡಿಯಾರ ನೋಡಿದಳು. ಆಮೇಲೆ ಇಂಗ್ಲಿಷಿಗೆ ಹೊರಳಿ ಶಾಲೆಯ ಸೈನ್ಸ್ ಪ್ರಾಜೆಕ್ಟಿನ ಜೊತೆಗಾತಿ ಕೈಕೊಟ್ಟದ್ದು, ಮಧ್ಯಾಹ್ನದ ಡಬ್ಬಿಯಲ್ಲಿ ಉಪ್ಪಿಟ್ಟು ಮುದ್ದೆಯಾಗಿದ್ದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಮನೆಯಲ್ಲಿ ವಾರವಿಡೀ ಕೇಳಿದರೂ ಸಿಗದ ಸುದ್ದಿ ಅದು. ಹೊತ್ತು ಮುಗಿಯಿತು, ಬಾಗಿಲು ತೆಗೆದೆ, ಹೋದಳು. ಆಮೇಲೆ ಅವಳಿಗೆ ಇನ್ನೊಂದು ಪೆನಾಲ್ಟಿ ಬೀಳಲಿ ಎಂದು ಬಯಸಿದ ಅಪ್ಪ ಆ ರಿಂಕಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಆ ಬೆಂಚಿಗೆ ಒಂದು ಕಟ್ಟುಪಾಡಿದೆ: ಅಲ್ಲಿ ಕೂತವರು ಕೂಗುವಂತಿಲ್ಲ. ಗಡಿಯಾರ ಹಿಡಿದವರು, ಸ್ಕೋರ್ ಬರೆಯುವವರು ಯಾವ ಕಡೆಯವರೂ ಅಲ್ಲ ಎಂಬ ಲೆಕ್ಕ. ಇದರ ಹಿಂದೆ ದೊಡ್ಡ ಬುದ್ಧಿವಂತಿಕೆ ಇದೆ ಎಂದು ನನಗೆ ಬರಬರುತ್ತಾ ಹೊಳೆಯಿತು. ನಮ್ಮ ತಂಡದಲ್ಲಿ ಒಬ್ಬ ಅಪ್ಪ ಇದ್ದರು. ಸ್ಟ್ಯಾಂಡಿನಲ್ಲಿ ಕೂತರೆ ರೆಫ್ರಿಗೆ, ಕೋಚಿಗೆ, ಎದುರು ತಂಡದ ಮಕ್ಕಳಿಗೆ, ಕೊನೆಗೆ ಐಸಿಗೂ ಬುದ್ಧಿ ಹೇಳುತ್ತಿದ್ದರು. ಕೆಲಸ ಕಲಿಯಲು ಬಂದ ಹುಡುಗ ರೆಫ್ರಿಗಳು ಇಂಥವರ ಬಾಯಿಗೆ ಹೆದರಿಯೇ ಸೀಟಿ ಕೆಳಗಿಟ್ಟು ಹೋಗುತ್ತಾರೆ. ಮ್ಯಾನೇಜರಮ್ಮ ಜಗಳಕ್ಕೆ ಹೋಗಲಿಲ್ಲ, ಎಚ್ಚರಿಕೆಯ ಪತ್ರವನ್ನೂ ಕಳಿಸಲಿಲ್ಲ. ನಿಮ್ಮಷ್ಟು ಚುರುಕಿನವರು ಇನ್ನೊಬ್ಬರಿಲ್ಲ, ಗಡಿಯಾರ ನೀವೇ ನೋಡಿಕೊಳ್ಳಬೇಕು ಅಂದರು. ಮನುಷ್ಯ ಗುಂಡಿಯ ಮೇಲೆ ಬೆರಳಿಟ್ಟು, ಸೀಟಿಗೆ ಕಿವಿಕೊಟ್ಟು, ಸೀಸನ್ನು ಪೂರ್ತಿ ತುಟಿ ಬಿಚ್ಚದೆ ಕೂತರು. ಈ ಕೆಲಸಗಳಲ್ಲಿ ಅರ್ಧದಷ್ಟನ್ನು ಮಕ್ಕಳ ಅನುಕೂಲಕ್ಕೂ ಇನ್ನರ್ಧವನ್ನು ದೊಡ್ಡವರ ಬಾಯಿ ಮುಚ್ಚಿಸುವುದಕ್ಕೂ ಯಾರೋ ಜಾಣರು ಸೃಷ್ಟಿ ಮಾಡಿರಬೇಕು.

ತಿಂಡಿ ಅಂಗಡಿಯ ಪಾಳಿಯದು ಬೇರೆಯೇ ವೇದಾಂತ. ಇಲ್ಲಿನ ರಿಂಕುಗಳಲ್ಲಿ ವಾಕಿಂಗ್ ಟ್ಯಾಕೋ ಎಂಬ ತಿಂಡಿ ಇದೆ. ಚಿಪ್ಸಿನ ಪ್ಯಾಕೆಟ್ ಒಡೆದು, ಅದರೊಳಗೇ ಬಿಸಿ ಕೈಮಾ, ಚೀಸು, ಸಾಲ್ಸಾ ಸುರಿದು, ಚಮಚ ಚುಚ್ಚಿ ಕೊಡುತ್ತಾರೆ. ಹುಟ್ಟಾ ಸಸ್ಯಾಹಾರಿಯಾದ ನಾನು ಕೈಮಾದ ಪಾತ್ರೆಯ ಮುಂದೆ, ತೋಳು ಎಷ್ಟುದ್ದ ಚಾಚಬಹುದೋ ಅಷ್ಟು ಚಾಚಿ, ಸೌಟು ಹಿಡಿದು ನಿಂತೆ. ಪಕ್ಕದಲ್ಲಿದ್ದ ಅಜ್ಜ, ಅವರ ಮೊಮ್ಮಕ್ಕಳೂ ಆಟ ಬಿಟ್ಟು ಕಾಲೇಜಿಗೆ ಹೋಗಿದ್ದಾರೆ, ನನ್ನ ಅವಸ್ಥೆ ನೋಡಿ ಏನೂ ಕೇಳದೆ ಸೌಟು ತೆಗೆದುಕೊಂಡು, ಹಾಟ್ ಚಾಕೊಲೇಟಿನ ಯಂತ್ರದ ಕಡೆ ಕಣ್ಣು ತೋರಿಸಿದರು. ಅಂದಿನಿಂದ ನಮ್ಮಿಬ್ಬರ ಪಾಳಿ ಒಟ್ಟಿಗೆ ಬಿದ್ದರೆ ಹಂಚಿಕೆಗೆ ಮಾತು ಬೇಕಾಗಿಲ್ಲ. ಮಕ್ಕಳೇ ಇಲ್ಲದ ಮೇಲೂ ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದೆ. ಶನಿವಾರ ಇನ್ನೆಲ್ಲಿಗೆ ಹೋಗಲಿ ಅಂದರು.

ಸ್ವಂತ ಮಗುವಿಗೆಂದು ಶುರುವಾದ ಕೆಲಸ ಮಗುವನ್ನೂ ಮೀರಿ ಬೆಳೆಯುವುದು ಈ ಆಟದಲ್ಲಿ ಹೊಸದೇನಲ್ಲ. ಕೆನಡಾದ ಬ್ರಾಂಟ್‌ಫರ್ಡ್‌ನಲ್ಲಿ ಟೆಲಿಫೋನ್ ಕಂಪನಿಯ ನೌಕರರಾಗಿದ್ದ ವಾಲ್ಟರ್ ಗ್ರೆಟ್ಜ್‌ಕಿ ಚಳಿಗಾಲ ಬಂದರೆ ಹಿತ್ತಲಿಗೆ ಸ್ಪ್ರಿಂಕ್ಲರಿನಿಂದ ನೀರು ಚಿಮುಕಿಸಿ ರಿಂಕು ಕಟ್ಟುತ್ತಿದ್ದರು. ಪಾರ್ಕಿನಲ್ಲಿ ಮಗನಿಗಾಗಿ ಗಂಟೆಗಟ್ಟಲೆ ಚಳಿಯಲ್ಲಿ ಕಾಯುವುದು ಸಾಕಾಗಿ ಹಾಗೆ ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದರು. ಆ ಐಸಿನ ಮೇಲೆ ಆಡಿದ ಮಗ ವೇಯ್ನ್ ಲೋಕಪ್ರಸಿದ್ಧನಾದ. ಅಪ್ಪ ಮಾತ್ರ ಊರು ಬಿಡಲಿಲ್ಲ. 2021ರಲ್ಲಿ ತೀರಿಕೊಂಡಾಗ ಇಡೀ ದೇಶ ಅವರನ್ನು ತನ್ನ ಮನೆಯ ಹಿರಿಯರೆಂದು ಕಳಿಸಿಕೊಟ್ಟಿತು. ಐಸು ನಯಗೊಳಿಸುವ ಕೆಲಸಕ್ಕಾದರೂ ಈಗ ಯಂತ್ರ ಬಂದಿದೆ. ಮೂರ್ನಾಲ್ಕು ಜನ ಕೆರೆದು, ಗುಡಿಸಿ, ನೀರು ಹಾಕಿ ಗಂಟೆ ಮೀರಿ ಒದ್ದಾಡುತ್ತಿದ್ದುದನ್ನು, ಫ್ರಾಂಕ್ ಝಾಂಬೋನಿ ಎಂಬುವರು 1949ರಲ್ಲಿ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಕೂತು ಒಂದೇ ಯಂತ್ರ, ಒಬ್ಬನೇ ಡ್ರೈವರಿಗೆ ಇಳಿಸಿದರು. ಜರ್ಸಿಯ ಲೆಕ್ಕ ಇಡುವ, ಹತ್ತು ಡಾಲರ್ ವಸೂಲಿ ಮಾಡುವ, ಸೋತು ಅಳುತ್ತಿರುವ ಹುಡುಗಿಯ ಸ್ಕೇಟು ಬಿಚ್ಚುವ ಯಂತ್ರಕ್ಕೆ ಯಾರೂ ಕೈಹಾಕಿಲ್ಲ.

ನಮ್ಮ ಕಡೆ ಮದುವೆ ಮನೆಗೆ ಹೋದರೆ ಮೊದಲು ಕುರ್ಚಿ ಕೊಟ್ಟು ಕೂರಿಸುತ್ತಾರೆ, ಶರಬತ್ತು ಕೊಡುತ್ತಾರೆ, ಯಾರ ಕಡೆಯವರು ಎಂದು ವಿಚಾರಿಸುತ್ತಾರೆ. ಅಷ್ಟು ಹೊತ್ತೂ ನಾವು ನೆಂಟರೇ. ಪಂಕ್ತಿಯಲ್ಲಿ ಜನ ಹೆಚ್ಚಾಗಿ ಯಾರೋ ಓಡಿಬಂದು, ಏ, ಈ ಸಾರಿನ ಬಕೆಟ್ ಹಿಡಿ ಮಾರಾಯ ಅಂದಾಗ ಮನೆಯವರಾಗುತ್ತೇವೆ. ಬಕೆಟ್ ಹಿಡಿದವನನ್ನು ಯಾರ ಕಡೆಯವನೆಂದು ಯಾರೂ ಕೇಳುವುದಿಲ್ಲ, ಬಾಳೆಲೆ ಸಾಲು ಪೂರ್ತಿ ಸಾರಿಗೆ ಕಾದಿರುತ್ತದೆ. ಮಿನ್ನೆಸೋಟಾಕ್ಕೆ ಬಂದ ಹೊಸತರಲ್ಲಿ ನೆರೆಯವರು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಎಲ್ಲಿಯವರು, ಚಳಿ ಹೇಗನಿಸುತ್ತದೆ, ಊಟಕ್ಕೆ ತುಂಬ ಖಾರವೋ? ಅದೆಲ್ಲ ಕುರ್ಚಿ ಮತ್ತು ಶರಬತ್ತು. ಬಾಗಿಲಿನ ಕೆಲಸ ಕೈಗೆ ಬಂದ ಮೇಲೆ ಆ ಪ್ರಶ್ನೆಗಳು ತಾವಾಗಿಯೇ ನಿಂತವು. ನನ್ನ ಹೆಸರಿನ ಅಕ್ಷರಗಳನ್ನು ಉಚ್ಚರಿಸಲಾರದವರು ಏಳನೇ ನಂಬರಿನ ಅಪ್ಪ ಎಂದು ಕರೆದರು. ನಾನೂ ಅವರನ್ನು ಹದಿನೇಳು, ಇಪ್ಪತ್ತೆರಡು ಎಂದೇ ಗುರುತಿಟ್ಟುಕೊಂಡೆ. ಟೂರ್ನಮೆಂಟಿನ ಹೋಟೆಲಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವುದು ರೂಢಿ. ನನ್ನ ಹೆಂಡತಿ ಒಮ್ಮೆ ಹಾಟ್‌ಡಿಶ್ ಎಂಬ ಇಲ್ಲಿನ ಅಡುಗೆಗಳ ಸಾಲಿನಲ್ಲಿ ಚಿತ್ರಾನ್ನ ಇಟ್ಟಳು. ಯಾರೂ ಹೊಗಳಿ ಭಾಷಣ ಮಾಡಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಸಲಾಡ್, ಬ್ರೆಡ್, ಪೇಪರ್ ಪ್ಲೇಟುಗಳ ಕೆಳಗೆ ‘ಯೆಲ್ಲೋ ರೈಸ್’ ಎಂಬ ಸಾಲು ಮೊದಲೇ ಇತ್ತು. ಅದರ ಮುಂದೆ ನಮ್ಮನ್ನು ಕೇಳದೆಯೇ ನಮ್ಮ ಹೆಸರು ಬರೆದಿದ್ದರು.

ಏಪ್ರಿಲ್‌ನಲ್ಲಿ ಅಸೋಸಿಯೇಶನ್ನಿನ ವಾರ್ಷಿಕ ಸಭೆ. ಹಿಮ ಕರಗಿ, ರಸ್ತೆ ಪಕ್ಕ ಕೆಸರು ಕಾಣಿಸಿಕೊಂಡು, ಎಲ್ಲರಿಗೂ ಬಿಡುಗಡೆಯ ಹುಮ್ಮಸ್ಸು. ಮುಂದಿನ ವರ್ಷಕ್ಕೆ ಯಾರು ಎಂದು ಅಧ್ಯಕ್ಷರು ಕೇಳಿದ ಕೂಡಲೇ ಸಭೆಗೆ ಸಭೆಯೇ ತನ್ನ ಬೂಟು ನೋಡಿಕೊಳ್ಳುತ್ತದೆ. ಈ ಮೌನವನ್ನು ಎಷ್ಟು ಹೊತ್ತು ತಡೆದುಕೊಳ್ಳಬಹುದು ಎಂಬುದರ ಮೇಲೆ ಒಂದು ಊರಿನ ಹಾಕಿ ನಿಂತಿದೆ. ತಡೆದುಕೊಳ್ಳಲಾಗದವರು ಪ್ರತಿ ಸಲವೂ ಒಬ್ಬರಿರುತ್ತಾರೆ, ಅವರ ಕೈ ಮೆಲ್ಲಗೆ ಮೇಲೇಳುತ್ತದೆ, ಉಳಿದವರೆಲ್ಲ ಒಟ್ಟಿಗೆ ಉಸಿರು ಬಿಟ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಕಳೆದ ಸಭೆಯಲ್ಲಿ ಆ ಕೈ ನನ್ನ ಹೆಂಡತಿಯದು. ಕಾರಿನಲ್ಲಿ ಬರುವಾಗ ಯಾಕೆ ಎತ್ತಿದೆ ಎಂದು ಕೇಳಿದೆ. ಎಲ್ಲರೂ ಸುಮ್ಮನಿದ್ದರೆ ಚೆನ್ನಾಗಿರಲ್ಲ ಅಲ್ವಾ ಅಂದಳು.

ದಾವಣಗೆರೆ ಕಡೆಯಿಂದ ಹೊಸದಾಗಿ ಬಂದ ದಂಪತಿ ಮೊನ್ನೆ ಮನೆಗೆ ಬಂದಿದ್ದರು. ಅವರ ಮಗನಿಗೆ ಹಾಕಿ ಸೇರುವ ಹಟ. ಈ ಆಟ ಅಪಾಯವಂತೆ ಹೌದಾ ಸರ್ ಎಂದು ಕೇಳಿದರು. ಮಗುವಿಗೆ ಹೆಲ್ಮೆಟ್ಟು, ಹಲ್ಲಿಗೆ ಮೌತ್‌ಗಾರ್ಡ್, ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಪ್ಯಾಡು, ಎಲ್ಲ ಇರುತ್ತದೆ, ಅವನ ಚಿಂತೆ ಬಿಡಿ ಅಂದೆ. ನಿಮಗೆ ಮಾತ್ರ ಯಾರೂ ಏನೂ ತೊಡಿಸುವುದಿಲ್ಲ. ನೀವು ತಂದುಕೊಳ್ಳಬೇಕಾದ್ದು ಎರಡೇ: ಉಣ್ಣೆಯ ದಪ್ಪ ಕಾಲುಚೀಲ, ಮತ್ತು ಮೀಟಿಂಗಿನಲ್ಲಿ ಕೈ ಎತ್ತದೆ ಕೂರುವ ಧೈರ್ಯ. ಎರಡನೆಯದು ಇಲ್ಲದಿದ್ದರೂ ಹೇಗೋ ನಡೆಯುತ್ತದೆ, ಕಾಲುಚೀಲ ಮಾತ್ರ ಮರೆಯಬೇಡಿ.